ಕಾಲಿನ ಮೇಲೆ ಕೆಂಪು ಚುಕ್ಕೆ, ತುರಿಕೆ ಇಲ್ಲ, ಮುಲಾಮಿಗೂ ಹೋಗ್ತಿಲ್ಲ. ಏನಿರಬಹುದು?

ತೋಟದಮನೆ (ತೀರ್ಥಹಳ್ಳಿ)
ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಗಂಡನ ವಿಷಯ. ವಯಸ್ಸು 34, ಗಟ್ಟಿ ಆಳು. ಸ್ವಲ್ಪ ದಿನದಿಂದ ಎರಡೂ ಮೊಣಕಾಲಿನ ಕೆಳಗೆ ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕೆಗಳು ಎದ್ದಿವೆ. ತುರಿಕೆ ಇಲ್ಲ, ನೋವಿಲ್ಲ. ಮೊದಲು ಇಂಬಳ ಕಚ್ಚಿದ್ದು ಅಂದುಕೊಂಡೆವು. ಆಮೇಲೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆದ ಅಲರ್ಜಿ ಅಂತ ಯಾರೋ ಹೇಳಿದರು. ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ತಂದು ಹಚ್ಚಿದೆವು, ಏನೂ ಉಪಯೋಗ ಇಲ್ಲ. ಈಗ ತೊಡೆ ಮತ್ತು ತೋಳಿನ ಮೇಲೆ ನೀಲಿ ಕಲೆ ಬಂದಿದೆ. ಎಲ್ಲೂ ಪೆಟ್ಟು ಬಿದ್ದಿಲ್ಲ ಅಂತಾನೆ. ಹಲ್ಲುಜ್ಜಿದರೆ ರಕ್ತ ಬರುತ್ತೆ. ಗುಡ್ಡ ಹತ್ತಿದರೆ ಏದುಸಿರು. ತಂಗಿ ಮೊಬೈಲಿನಲ್ಲಿ ಏನೇನೋ ಓದಿ, ರಕ್ತದ ಕ್ಯಾನ್ಸರ್ ಅಂತ ಅಳ್ತಾ ಕೂತಿದ್ದಾಳೆ. ಚರ್ಮದ ಚುಕ್ಕೆಗೂ ರಕ್ತದ ಕ್ಯಾನ್ಸರಿಗೂ ನಿಜವಾಗಿ ಸಂಬಂಧ ಇದೆಯಾ? ಚರ್ಮದ ಡಾಕ್ಟರಿಗೆ ತೋರಿಸೋದಾ, ಬೇರೆ ಯಾರಿಗಾದರೂ ತೋರಿಸೋದಾ?

ಮಳೆಹುಳ
ಗೂಗಲ್ ಹತ್ತಿರ ಕೇಳಿದರೆ ನೆಗಡಿಗೂ ಕ್ಯಾನ್ಸರ್ ಅನ್ನುತ್ತದೆ. ಪಿತ್ತದ ಗಂದೆ ಇರಬೇಕು. ಮುರುಗಲು ಪಾನಕ ಕುಡಿಸಿ. ಸ್ವಲ್ಪ ದಿನ ಬದನೆಕಾಯಿ ಬಿಡಿಸಿ.

ಹೊಸನಗರದಕ್ಕ
ಗಂದೆ ಅಂದರೆ ತುರಿಕೆ ತಡೆಯೋಕಾಗಲ್ಲ ಮಾರಾಯ್ರೆ. ಒಂದು ಕಡೆ ಎದ್ದ ದದ್ದು ಒಂದು ದಿನದೊಳಗೆ ಇಳಿದು ಇನ್ನೊಂದು ಕಡೆ ಏಳುತ್ತದೆ. ಇವರು ತುರಿಕೆ ಇಲ್ಲ ಅಂತ ಹೆಡ್ಡಿಂಗಿನಲ್ಲೇ ಬರೆದಿದ್ದಾರೆ. ಮೊದಲು ಓದಿ, ಆಮೇಲೆ ಪಾನಕ ಮಾಡಿ.

ಕೊಪ್ಪದಮಗ
ಡೆಂಗಿ ನೋಡಿ ಅಣ್ಣ. ನಮ್ಮೂರಲ್ಲಿ ಮನೆಗೊಬ್ಬರು ಮಲಗಿದ್ದಾರೆ. ಜ್ವರ ಇದೆಯಾ?

ಲ್ಯಾಬ್‌ಬೆಂಚು (ಶಿವಮೊಗ್ಗ)
ನಾನು ಡಾಕ್ಟರ್ ಅಲ್ಲ. ಲ್ಯಾಬಿನಲ್ಲಿ ಕೆಲಸ, ದಿನಾ ರಕ್ತ ನೋಡುವವನು. ನೀವು ಬರೆದದ್ದು ಓದಿದ ಮೇಲೆ ಸುಮ್ನೆ ಕೂರೋಕಾಗಲಿಲ್ಲ.

ಒಂದು ಗಾಜಿನ ಲೋಟ ತಗೊಂಡು ಚುಕ್ಕೆ ಮೇಲೆ ಒತ್ತಿ, ಗಾಜಿನ ಮೂಲಕ ನೋಡಿ. ಅಲರ್ಜಿಯ ಕೆಂಪಾದರೆ ಒತ್ತಿದಾಗ ಬಿಳಿಚುತ್ತದೆ. ರಕ್ತ ಇನ್ನೂ ನಾಳದ ಒಳಗೇ ಇರುವುದರಿಂದ ಅದು ಪಕ್ಕಕ್ಕೆ ಸರಿಯುತ್ತದೆ. ಒತ್ತಿದರೂ ಚುಕ್ಕೆ ಹಾಗೇ ಉಳಿದರೆ ರಕ್ತ ನಾಳ ಬಿಟ್ಟು ಹೊರಗೆ ಬಂದು ಚರ್ಮದಲ್ಲಿ ನಿಂತಿದೆ ಅಂತ. ಪೆಟೀಕಿಯೆ ಅಂತಾರೆ. ಕಾಲಿನಲ್ಲೇ ಮೊದಲು ಕಾಣೋದಕ್ಕೆ ಕಾರಣ, ನಿಂತಾಗ ಅಲ್ಲಿನ ಸಣ್ಣ ನಾಳಗಳ ಮೇಲೆ ಒತ್ತಡ ಜಾಸ್ತಿ. ಕಾಲುಚೀಲದ ಎಲಾಸ್ಟಿಕ್ ಬಿಗಿದ ಜಾಗದಲ್ಲಿ ಸಾಲಾಗಿ ಬರುವುದೂ ಇದೆ.

ಪ್ಲೇಟ್‌ಲೆಟ್ ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ. ಅದು 1.5 ಲಕ್ಷದಿಂದ 4.5 ಲಕ್ಷದವರೆಗೆ ಇರಬೇಕು. 20,000ದ ಆಸುಪಾಸಿಗೆ ಇಳಿದರೆ ಪೆಟ್ಟೇ ಇಲ್ಲದೆ ಹೀಗೆ ಚುಕ್ಕೆ, ನೀಲಿ ಕಲೆ, ವಸಡಿನಲ್ಲಿ ರಕ್ತ ಬರಬಹುದು. ಯಾಕೆ ಇಳಿಯಿತು ಅನ್ನೋದು ಬೇರೆ ಪ್ರಶ್ನೆ. ಡೆಂಗಿ, ಇಲಿ ಜ್ವರ, ಯಾವುದೋ ಮಾತ್ರೆ, ಐಟಿಪಿ ಅನ್ನೋ ಪ್ಲೇಟ್‌ಲೆಟ್ ಕಾಯಿಲೆ, ರಕ್ತದ ಕ್ಯಾನ್ಸರ್, ಇದರಲ್ಲಿ ಯಾವುದೂ ಆಗಬಹುದು. ಸಿಬಿಸಿ, ಅಂದರೆ ರಕ್ತಕಣ ಎಣಿಸುವ ಪರೀಕ್ಷೆ, ಮಾಡಿಸಿ. ಜೊತೆಗೆ ಪೆರಿಫೆರಲ್ ಸ್ಮಿಯರ್ ಬೇಕು ಅಂತ ಬಾಯಿಬಿಟ್ಟು ಕೇಳಿ. ಮೆಷಿನ್ ಎಣಿಸುತ್ತದೆ ಅಷ್ಟೆ. ಸ್ಮಿಯರ್ ಅಂದರೆ ಮನುಷ್ಯ ಕೂತು ಮೈಕ್ರೋಸ್ಕೋಪಿನಲ್ಲಿ ಒಂದೊಂದು ಕಣದ ಮುಖ ನೋಡುವುದು.

ತೋಟದಮನೆ
ಈಗಷ್ಟೇ ಒತ್ತಿ ನೋಡಿದೆವು. ಹೋಗ್ತಿಲ್ಲ. ಜ್ವರ ಅಂತ ಇಲ್ಲ, ಸಂಜೆ ಮೈ ಬೆಚ್ಚಗೆ ಇರುತ್ತೆ. ಊರಿನ ಡಾಕ್ಟರ್ ಹತ್ತಿರ ಒಂದು ಇಂಜೆಕ್ಷನ್ ಹಾಕಿಸಿ ಬೆಳಿಗ್ಗೆ ಹೊರಡೋಣ ಅಂತ ಅವನು ಹೇಳ್ತಿದ್ದಾನೆ.

ಲ್ಯಾಬ್‌ಬೆಂಚು
ಇಂಜೆಕ್ಷನ್ ಬೇಡವೇ ಬೇಡ. ಪ್ಲೇಟ್‌ಲೆಟ್ ಇಲ್ಲದವರಿಗೆ ಸೊಂಟಕ್ಕೆ ಸೂಜಿ ಚುಚ್ಚಿದರೆ ಮಾಂಸದೊಳಗೆ ರಕ್ತ ಕಟ್ಟಿಕೊಳ್ಳುತ್ತದೆ. ಬ್ರೂಫೆನ್, ಆಸ್ಪಿರಿನ್ ಕೂಡ ಕೊಡಬೇಡಿ. ಮೈಕೈ ನೋವಿದ್ದರೆ ಪ್ಯಾರಾಸಿಟಮಾಲ್ ಸಾಕು. ಬೈಕಿನಲ್ಲಿ ಕೂರಿಸಿಕೊಂಡು ಬರಬೇಡಿ. ತಲೆನೋವು, ವಾಂತಿ, ಕಣ್ಣು ಮಂಜಾಗುವುದು, ಮೂಗಿನ ರಕ್ತ ನಿಲ್ಲದಿರುವುದು ಶುರುವಾದರೆ ಬೆಳಗಿನವರೆಗೂ ಕಾಯಬೇಡಿ. ಯಾವ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗಾದರೂ ರಾತ್ರಿನೇ ಹೋಗಿ.

ಶರಾವತಿಹಿನ್ನೀರು
ಯಾರೂ ಮಂಗನ ಕಾಯಿಲೆ ಹೆಸರೇ ಎತ್ತಲಿಲ್ಲ? ಸೊಪ್ಪಿನ ಬೆಟ್ಟಕ್ಕೆ ಹೋಗುವವರು ತಾನೆ. ಉಣುಗು (ಉಣ್ಣಿ) ಕಚ್ಚಿರಬಹುದು. ಅದರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತೆ, ವಸಡಿನಲ್ಲಿ ರಕ್ತ ಬರುತ್ತೆ. 2019ರಲ್ಲಿ ಅರಳಗೋಡು ಕಡೆ ಎಷ್ಟು ಜನ ನರಳಿದರು ನೆನಪಿದೆಯಾ?

ಹೊಸನಗರದಕ್ಕ
ನೆನಪಿಲ್ಲದೆ ಏನು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಸಿಕ್ಕ ರೋಗ, ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. ಆದರೆ ಅದು ಬರೋದು ಹೆಚ್ಚಾಗಿ ಚಳಿಗಾಲದಿಂದ ಮೇ ತನಕ. ಈಗ ಸುರಿಯೋ ಮಳೆ. ಮೇಲಾಗಿ ಅದರಲ್ಲಿ ಜ್ವರ ಒಮ್ಮೆಲೇ ಏರುತ್ತದೆ, ತಲೆ ಸಿಡಿಯುತ್ತದೆ, ಮೈಕೈ ನೋವಿಗೆ ಏಳೋಕಾಗಲ್ಲ. ಇವರು ನಡೆದಾಡಿಕೊಂಡು ಇದ್ದಾರೆ.

ಶರಾವತಿಹಿನ್ನೀರು
ಸರಿ, ಒಪ್ಪಿದೆ. ಆದರೂ ಡಾಕ್ಟರಿಗೆ ಬೆಟ್ಟಕ್ಕೆ ಹೋಗಿದ್ದು ಹೇಳಿ. ಹೇಳಿದರೆ ನಷ್ಟ ಇಲ್ಲ.

ಭದ್ರಾವತಿಬಾಯ್
ಪಪ್ಪಾಯಿ ಎಲೆ ರಸ ಕೊಡಿ. ಎರಡು ದಿನದಲ್ಲಿ ಪ್ಲೇಟ್‌ಲೆಟ್ ಲಕ್ಷ ದಾಟುತ್ತೆ. ಗ್ಯಾರಂಟಿ.

ಲ್ಯಾಬ್‌ಬೆಂಚು
ಗ್ಯಾರಂಟಿ ಕಾರ್ಡ್ ಕೊಡ್ತೀರಾ? ಡೆಂಗಿಯಲ್ಲಿ ಜ್ವರ ಇಳಿದು ಸ್ವಲ್ಪ ದಿನಕ್ಕೆ ಪ್ಲೇಟ್‌ಲೆಟ್ ತಾನಾಗೇ ಏರುತ್ತದೆ. ಅದೇ ಹೊತ್ತಿಗೆ ನೀವು ರಸ ಕುಡಿಸಿರುತ್ತೀರಿ, ಹೆಸರು ರಸಕ್ಕೆ ಬರುತ್ತದೆ. ಪ್ಲೇಟ್‌ಲೆಟ್ ಹುಟ್ಟುವ ಮೂಳೆಯೊಳಗಿನ ಮಜ್ಜೆಯೇ ಕೆಟ್ಟಿದ್ದರೆ ಎಲೆ ಏನು ಮಾಡುತ್ತೆ ಹೇಳಿ.

ಭದ್ರಾವತಿಬಾಯ್
ನಮ್ಮ ಮಾವನಿಗೆ ಏರಿತ್ತು ಸಾರ್. ಕಣ್ಣಾರೆ ನೋಡಿದ್ದೇನೆ.

ಚರ್ಮವೈದ್ಯೆ (ಸಾಗರ)
ಪಪ್ಪಾಯಿ ಜಗಳ ಆಮೇಲೆ ಮುಂದುವರಿಸಿ. ಮೂಲ ಪ್ರಶ್ನೆಗೆ ಬರುತ್ತೇನೆ. ನಾನು ಚರ್ಮರೋಗ ತಜ್ಞೆ. ಆನ್‌ಲೈನಿನಲ್ಲಿ ರೋಗ ಗುರುತಿಸೋಕೆ ಆಗಲ್ಲ. ಚರ್ಮಕ್ಕೂ ರಕ್ತಕ್ಕೂ ಏನು ನಂಟು ಅನ್ನೋದನ್ನು ಹೇಳಬಹುದು.

ಹೌದು, ಕೆಲವರಲ್ಲಿ ರಕ್ತದ ಕ್ಯಾನ್ಸರಿನ ಮೊದಲ ಸುಳಿವು ಚರ್ಮದಲ್ಲೇ ಸಿಗುತ್ತದೆ. ಜಾಸ್ತಿ ಕಾಣೋದು ಈ ಮನೆಯವರು ವಿವರಿಸಿದ ಥರದ್ದು. ಮಜ್ಜೆಯ ತುಂಬ ಬಲಿಯದ ಬಿಳಿ ಕಣಗಳು ತುಂಬಿಕೊಳ್ಳುತ್ತವೆ, ಪ್ಲೇಟ್‌ಲೆಟ್ ಹುಟ್ಟೋಕೆ ಜಾಗ ಇರಲ್ಲ. ಹಾಗಾಗಿ ಚುಕ್ಕೆ, ನೀಲಿ ಕಲೆ. ಕೆಂಪು ಕಣಕ್ಕೂ ಜಾಗ ಇರಲ್ಲ, ಹಾಗಾಗಿ ಬಿಳಿಚಿಕೊಳ್ಳುವುದು, ಏದುಸಿರು. ಇಲ್ಲಿ ಚರ್ಮಕ್ಕೆ ರೋಗವೇ ಇಲ್ಲ, ಆದ್ದರಿಂದ ಮುಲಾಮಿಗೆ ಕೆಲಸವೂ ಇಲ್ಲ.

ಇನ್ನೊಂದು ಬಗೆ ಅಪರೂಪ. ಕ್ಯಾನ್ಸರ್ ಕಣಗಳೇ ಚರ್ಮದೊಳಗೆ ಬಂದು ಕೂರುತ್ತವೆ. ಲ್ಯುಕೇಮಿಯಾ ಕ್ಯೂಟಿಸ್ ಅಂತ ಹೆಸರು. ಕೆಂಪು ಕಂದು ಅಥವಾ ನೇರಳೆ ಬಣ್ಣದ ಗಟ್ಟಿ ಗಂಟು, ಉಬ್ಬು. ಸಾಮಾನ್ಯವಾಗಿ ತುರಿಕೆ, ನೋವು ಇರಲ್ಲ. ಕಾಲು, ಕೈ, ಬೆನ್ನು, ಎದೆ, ಮುಖ, ಎಲ್ಲಾದರೂ ಬರಬಹುದು. ಎಎಂಎಲ್ ಅನ್ನೋ ರಕ್ತದ ಕ್ಯಾನ್ಸರಿನಲ್ಲಿ, ಅದರಲ್ಲೂ ಮಾನೋಸೈಟ್ (ಒಂದು ಥರದ ಬಿಳಿ ಕಣ) ಬಗೆಯದರಲ್ಲಿ ಇದು ಹೆಚ್ಚು, ಅದರಲ್ಲೇ ವಸಡು ಊದಿ ಹಲ್ಲಿನ ಮೇಲೆ ಬರುವುದೂ ಉಂಟು. ಕೆಲವೊಮ್ಮೆ ರಕ್ತದ ರಿಪೋರ್ಟ್ ಸರಿ ಇರುವಾಗಲೇ ಚರ್ಮದಲ್ಲಿ ಗಂಟು ಬಂದಿರುತ್ತದೆ, ತಿಂಗಳುಗಳ ನಂತರ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ಅಂಥದ್ದನ್ನು ಬಯಾಪ್ಸಿ ಮಾಡದೆ ಹಿಡಿಯೋಕಾಗಲ್ಲ.

ಸ್ವೀಟ್ ಸಿಂಡ್ರೋಮ್ ಅಂತ ಮತ್ತೊಂದಿದೆ. 1964ರಲ್ಲಿ ಬ್ರಿಟನ್ನಿನ ಡಾಕ್ಟರ್ ರಾಬರ್ಟ್ ಸ್ವೀಟ್ ಬರೆದದ್ದು. ಹೆಸರಿನಲ್ಲಿ ಮಾತ್ರ ಸಿಹಿ. ಜೋರು ಜ್ವರ, ಮುಟ್ಟಿದರೆ ನೋಯುವ ಕೆಂಪು ದಪ್ಪ ದದ್ದು. ಎಲ್ಲ ಸ್ವೀಟ್ ಸಿಂಡ್ರೋಮ್ ಹಿಂದೆಯೂ ಕ್ಯಾನ್ಸರ್ ಇರಲ್ಲ. ಆದರೆ ಕಂಡರೆ ರಕ್ತ ನೋಡದೆ ಬಿಡುವ ಹಾಗಿಲ್ಲ.

ನನ್ನ ಹತ್ತಿರ ಚುಕ್ಕೆ ಅಂತ ಬರುವವರಲ್ಲಿ ಬಹಳ ಜನಕ್ಕೆ ಇದ್ಯಾವುದೂ ಇರಲ್ಲ. ಹುಳುಕಡ್ಡಿ, ಬೆವರುಸಾಲೆ, ಸೊಳ್ಳೆ, ಅಲರ್ಜಿ. ಅದೂ ನೆನಪಿರಲಿ. ತುರಿಕೆ ಇಲ್ಲದ, ಒತ್ತಿದರೆ ಮಾಯವಾಗದ ಚುಕ್ಕೆಯ ಜೊತೆಗೆ ಸುಸ್ತು, ರಕ್ತ, ಜ್ವರ ಸೇರಿಕೊಂಡರೆ ಮಾತ್ರ ನನಗೂ ಎದೆ ಧಸಕ್ ಅನ್ನುತ್ತದೆ. ಅವರನ್ನು ನಾನು ಮುಲಾಮು ಬರೆಯದೆ ಲ್ಯಾಬಿಗೆ ಕಳಿಸುತ್ತೇನೆ.

ಸಾಗರದವಳು
ಮೇಡಂ ಹೇಳಿದ ವಸಡಿನ ಮಾತು ಓದಿ ಕೈ ನಡುಗಿತು. ನಮ್ಮ ಅಪ್ಪನಿಗೆ ಹಾಗೇ ಆಗಿತ್ತು. ಬೆನ್ನಿನ ಮೇಲೆ ನೇರಳೆ ಬಣ್ಣದ ಗಂಟುಗಳು. ಅವರು ಅಂಗಿ ಹಾಕದೆ ಅಡಿಕೆ ಸುಲಿಯೋಕೆ ಕೂತಾಗ ಅಮ್ಮ ನೋಡಿದ್ದು. ಕೊಬ್ಬಿನ ಗಂಟು ಬಿಡು ಅಂದರು. ಎರಡು ಕಡೆ ತೋರಿಸಿದೆವು, ಎರಡೂ ಕಡೆ ಮಾತ್ರೆ ಕೊಟ್ಟು ಕಳಿಸಿದರು. ರಕ್ತ ಯಾರೂ ನೋಡಲಿಲ್ಲ. ಕೊನೆಗೆ ವಸಡು ಊದಿ ಊಟ ಮಾಡೋಕಾಗದೆ ಹಲ್ಲಿನ ಡಾಕ್ಟರ್ ಹತ್ತಿರ ಹೋದಾಗ ಅವರು ಹಲ್ಲು ಮುಟ್ಟಲೇ ಇಲ್ಲ. "ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ" ಅಂದರು. ಬಿಳಿ ರಕ್ತಕಣ ಲಕ್ಷ ದಾಟಿತ್ತು. ಅಪ್ಪ ಉಳಿಯಲಿಲ್ಲ. ವಯಸ್ಸೂ ಆಗಿತ್ತು, ಕಿಮೋ ತಡೆಯಲಿಲ್ಲ. ಮೊದಲೇ ಗೊತ್ತಾಗಿದ್ದರೆ ಉಳೀತಿದ್ದರಾ ಅಂತ ಕೇಳಿದ್ದೆ. ಡಾಕ್ಟರ್ ನೇರವಾಗಿ ಹೇಳಲಿಲ್ಲ. ಆ ಹಲ್ಲಿನ ಡಾಕ್ಟರಿಗೆ ಪ್ರತಿ ವರ್ಷ ಒಂದು ಗೊನೆ ಬಾಳೆಹಣ್ಣು ಕೊಟ್ಟು ಬರ್ತೀವಿ.

ಕವಳಪ್ರಿಯ
ನಮ್ಮ ದೊಡ್ಡಪ್ಪನಿಗೆ ಸೊಳ್ಳೆ, ಉಣುಗು ಏನು ಕಚ್ಚಿದರೂ ಅಂಗೈಯಷ್ಟು ಊದಿಕೊಂಡು ನೀರುಗುಳ್ಳೆ ಬರುತ್ತಿತ್ತು. ವಯಸ್ಸಾದ ಮೇಲೆ ಶುರುವಾಗಿದ್ದು. ಮೊದಲು ಕಾಡಲ್ಲೇ ಬೆಳೆದ ಮನುಷ್ಯ, ಏನೂ ಆಗ್ತಿರಲಿಲ್ಲ. ಆಮೇಲೆ ಯಾವುದೋ ಆಪರೇಷನ್ನಿಗೆ ಮೊದಲು ರಕ್ತ ಪರೀಕ್ಷೆಗೆ ಕೊಟ್ಟಾಗ ಸಿಎಲ್‌ಎಲ್ ಅನ್ನೋ ರಕ್ತದ ಕ್ಯಾನ್ಸರ್ ಅಂತ ಬಂತು. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ ಮೇಡಂ, ಅಥವಾ ಕಾಕತಾಳೀಯವಾ?

ಚರ್ಮವೈದ್ಯೆ
ಸಂಬಂಧ ಇರಬಹುದು. ಸಿಎಲ್‌ಎಲ್ ಇರುವವರಲ್ಲಿ ಹುಳ ಕಚ್ಚಿದ್ದಕ್ಕೆ ಅತಿಯಾಗಿ ಊದುವುದನ್ನು ಹಿಂದಿನಿಂದಲೂ ಗಮನಿಸಿದ್ದಾರೆ. ಹುಳ ಕಚ್ಚಿದ ನೆನಪೇ ಇಲ್ಲದೆ ಅಂಥ ಗುಳ್ಳೆ ಬರುವುದೂ ಇದೆ. ಮಲೆನಾಡಿನಲ್ಲಿ ಕಚ್ಚದ ಹುಳ ಯಾವುದು ಹೇಳಿ, ಅದಕ್ಕೇ ಇಲ್ಲಿ ಯಾರಿಗೂ ಅನುಮಾನ ಬರಲ್ಲ. ಸಿಎಲ್‌ಎಲ್ ನಿಧಾನದ ರೋಗ. ಎಷ್ಟೋ ಜನಕ್ಕೆ ವರ್ಷಗಟ್ಟಲೆ ಔಷಧಿ ಕೊಡದೆ ಡಾಕ್ಟರು ಬರೀ ನೋಡಿಕೊಂಡು ಇರ್ತಾರೆ.

ಮಳೆಹುಳ
ಎಲ್ಲ ಸೇರಿ ಇಡೀ ಜಿಲ್ಲೆಗೆ ಕ್ಯಾನ್ಸರ್ ಮಾಡಿಬಿಟ್ಟಿರಿ. ನನ್ನ ಕಾಲಲ್ಲೂ ಚುಕ್ಕೆ ಇದೆ ಈಗ.

ಹೊಸನಗರದಕ್ಕ
ಬದನೆಕಾಯಿ ಬಿಡಿ.

ಪುಟ್ಟಿಯಮ್ಮ
ಹೆದರಿದವರಿಗೆ ನನ್ನ ಅನುಭವ. ಮಗಳಿಗೆ 4 ವರ್ಷ ಇದ್ದಾಗ ನೆಗಡಿ ಜ್ವರ ಬಂದು ಹೋದ ಮೇಲೆ ಮೈತುಂಬ ಇಂಥದ್ದೇ ಚುಕ್ಕೆ. ಪ್ಲೇಟ್‌ಲೆಟ್ 9,000. ನಾನು ಆಸ್ಪತ್ರೆ ಕಾರಿಡಾರಿನಲ್ಲೇ ಕುಸಿದು ಕೂತೆ. ಐಟಿಪಿ ಆಗಿತ್ತು. ದೇಹದ ರಕ್ಷಣಾ ವ್ಯವಸ್ಥೆಯೇ ಪ್ಲೇಟ್‌ಲೆಟ್ ಹೊಡೆದುಹಾಕುವುದಂತೆ. ಬಿಳಿ ಕಣ, ಹಿಮೋಗ್ಲೋಬಿನ್ ಎರಡೂ ಸರಿ ಇತ್ತು, ಮಗು ಆಡಿಕೊಂಡಿತ್ತು. ಮಕ್ಕಳಲ್ಲಿ ಹೆಚ್ಚಿನವರಿಗೆ ಆರು ತಿಂಗಳೊಳಗೆ ತಾನಾಗೇ ಹೋಗುತ್ತೆ ಅಂದರು, ಹಾಗೇ ಹೋಯಿತು. ಈಗ ಹೈಸ್ಕೂಲ್, ದಿನಾ ಜಗಳ ಆಡ್ತಾಳೆ.

ಒಂದು ಅನುಮಾನ ಮಾತ್ರ ಉಳಿದಿದೆ. ನಮ್ಮ ಸಂಬಂಧಿಕರು "ಸ್ಟೀರಾಯ್ಡ್ ಮಾತ್ರೆ ತಕ್ಷಣ ಶುರು ಮಾಡಿ" ಅಂತ ಒತ್ತಾಯ ಮಾಡಿದ್ದರು. ಡಾಕ್ಟರ್ ಸ್ಮಿಯರ್ ನೋಡುವವರೆಗೂ ಕೊಡಲ್ಲ ಅಂದರು. ಯಾಕೆ?

ಲ್ಯಾಬ್‌ಬೆಂಚು
ಒಳ್ಳೆ ಡಾಕ್ಟರ್. ಮಕ್ಕಳಲ್ಲಿ ಬರುವ ಎಎಲ್‌ಎಲ್ ಅನ್ನೋ ರಕ್ತದ ಕ್ಯಾನ್ಸರಿನ ಕಣಗಳು ಸ್ಟೀರಾಯ್ಡಿಗೆ ಬೇಗ ಸಾಯುತ್ತವೆ. ರೋಗ ಗುರುತಿಸದೆ ಕೊಟ್ಟರೆ ರಕ್ತ ಸ್ವಲ್ಪ ದಿನ ಚೊಕ್ಕಟ ಕಾಣುತ್ತೆ, ಮಜ್ಜೆ ಪರೀಕ್ಷೆಯೂ ಗೊಂದಲ ಆಗುತ್ತೆ. ಆಮೇಲೆ ಮರಳಿ ಬರುತ್ತೆ. ಸರಿಯಾದ ಚಿಕಿತ್ಸೆ ತಡವಾಗಿ ಶುರುವಾಗುತ್ತೆ. ಒಳ್ಳೆ ಸೌಲಭ್ಯ ಇರುವ ದೇಶಗಳಲ್ಲಿ ಎಎಲ್‌ಎಲ್ ಬಂದ ಮಕ್ಕಳಲ್ಲಿ ಸುಮಾರು 90% ಉಳಿಯುತ್ತಾರೆ. ಅಂಥ ರೋಗವನ್ನು ಮಾತ್ರೆಯಲ್ಲಿ ಮುಚ್ಚಿಡೋದು ಅನ್ಯಾಯ.

ಚರ್ಮವೈದ್ಯೆ
ಮೆಡಿಕಲ್ ಶಾಪಿನ ಟ್ಯೂಬಿನ ಬಗ್ಗೆ ನನ್ನದೂ ಒಂದು ಮಾತು. ಆ ಟ್ಯೂಬುಗಳಲ್ಲಿ ಬಹುಪಾಲು ಸ್ಟೀರಾಯ್ಡ್, ಫಂಗಸ್ ಔಷಧಿ, ಆಂಟಿಬಯೋಟಿಕ್ ಮೂರೂ ಬೆರೆಸಿದ್ದು. ಹಚ್ಚಿದ ದಿನ ತಂಪು. ಆಮೇಲೆ ಹುಳುಕಡ್ಡಿ ಮೈಯೆಲ್ಲ ಹಬ್ಬುತ್ತೆ, ಚರ್ಮ ತೆಳ್ಳಗಾಗುತ್ತೆ. ಇದನ್ನು ದಿನಾ ಹೇಳಿ ಹೇಳಿ ಗಂಟಲು ಒಣಗಿದೆ.

ತೋಟದಮನೆ
ಎಲ್ಲರಿಗೂ. ಬೆಳಿಗ್ಗೆ ಸಿಬಿಸಿ ಆಯಿತು. ಪ್ಲೇಟ್‌ಲೆಟ್ 14,000. ಹಿಮೋಗ್ಲೋಬಿನ್ 7.8. ಬಿಳಿ ಕಣ ಕಮ್ಮಿ ಇದೆ, 2,100. ಸ್ಮಿಯರ್ ನೋಡಿದವರು ಪ್ರೊಮೈಲೋಸೈಟ್ (ಬಲಿಯದ ಬಿಳಿ ಕಣದ ಒಂದು ಬಗೆ) ಜಾಸ್ತಿ ಇದೆ, ತಡ ಮಾಡಬೇಡಿ ಅಂತ ಫೋನ್ ಮಾಡಿಯೇ ಹೇಳಿದರು. ಮಣಿಪಾಲಕ್ಕೆ ಹೊರಟಿದ್ದೇವೆ, ಈಗ ಆಗುಂಬೆ ದಾಟಿದೆವು. ಬಿಳಿ ಕಣ ಕಮ್ಮಿ ಇದ್ದರೂ ಕ್ಯಾನ್ಸರ್ ಆಗುತ್ತಾ? ಜಾಸ್ತಿ ಇರಬೇಕು ಅಂತ ಓದಿದ್ದೆ.

ಲ್ಯಾಬ್‌ಬೆಂಚು
ಆಗುತ್ತದೆ. ಮಜ್ಜೆ ತುಂಬ ಕೆಟ್ಟ ಕಣ ಇದ್ದು, ರಕ್ತಕ್ಕೆ ಕಮ್ಮಿ ಇಳಿದಿರಬಹುದು. ಇದಕ್ಕೇ ಮಳೆಗಾಲದಲ್ಲಿ ಮೋಸ ಹೋಗೋದು. ಡೆಂಗಿಯಲ್ಲೂ ಬಿಳಿ ಕಣ ಕಮ್ಮಿ, ಪ್ಲೇಟ್‌ಲೆಟ್ ಕಮ್ಮಿ. ಆದರೆ ಡೆಂಗಿಯಲ್ಲಿ ರಕ್ತಸ್ರಾವ ಆಗದೆ ಹಿಮೋಗ್ಲೋಬಿನ್ 7ಕ್ಕೆ ಬೀಳಲ್ಲ, ರಕ್ತ ಗಟ್ಟಿಯಾಗಿ ಅದು ಏರುವುದೇ ಹೆಚ್ಚು. ಮೂರೂ ಬಗೆಯ ಕಣ ಒಟ್ಟಿಗೆ ಇಳಿದಿದ್ದರೆ ಮಜ್ಜೆಯ ಕಡೆ ನೋಡಬೇಕು.

ಪ್ರೊಮೈಲೋಸೈಟ್ ಜಾಸ್ತಿ ಅಂದರೆ ಎಎಂಎಲ್‌ನಲ್ಲೇ ಎಂ3 ಅಂತ ಕರೆಯುವ ಬಗೆ ಇರಬಹುದು. ಖಚಿತ ಮಾಡೋರು ಅಲ್ಲಿನವರು. ಒಂದು ಮಾತು ಹೇಳ್ತೀನಿ. ಎಎಂಎಲ್‌ಗಳಲ್ಲಿ ಮೊದಲ ದಿನಗಳು ಅತಿ ಅಪಾಯ ಇರುವುದು ಇದರಲ್ಲಿ, ಗುಣವಾಗುವ ಅವಕಾಶ ಅತಿ ಹೆಚ್ಚು ಇರುವುದೂ ಇದರಲ್ಲೇ. ಪ್ಲೇಟ್‌ಲೆಟ್ ಕಮ್ಮಿ ಇರುವುದರ ಜೊತೆಗೆ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಹದಗೆಟ್ಟಿರುತ್ತದೆ, ಅದಕ್ಕೇ ನೀಲಿ ಕಲೆಗಳು. ಅನುಮಾನ ಬಂದ ಕೂಡಲೇ ಆಟ್ರಾ ಅನ್ನೋ ಕ್ಯಾಪ್ಸೂಲ್ ಶುರು ಮಾಡ್ತಾರೆ, ಜೀನ್ ಪರೀಕ್ಷೆಯ ರಿಪೋರ್ಟಿಗೆ ಕಾಯಲ್ಲ. ವಿಟಮಿನ್ ಎ ಕುಟುಂಬದ ಔಷಧಿ ಅದು. ಜೊತೆಗೆ ಆರ್ಸೆನಿಕ್.

ಕವಳಪ್ರಿಯ
ಆರ್ಸೆನಿಕ್ ಅಂದರೆ ಪಾಷಾಣ ಅಲ್ವಾ?

ಲ್ಯಾಬ್‌ಬೆಂಚು
ಅದೇ. ಚೀನಾದ ಹಾರ್ಬಿನ್ ಊರಿನ ಡಾಕ್ಟರುಗಳು 1970ರ ದಶಕದಲ್ಲಿ ಹಳ್ಳಿ ವೈದ್ಯದಿಂದ ಎತ್ತಿಕೊಂಡು ಶುದ್ಧ ಮಾಡಿ ಕೊಟ್ಟು ನೋಡಿದ್ದು. ಆಟ್ರಾ ಶಾಂಘೈಯಲ್ಲಿ 1980ರ ದಶಕದಲ್ಲಿ. ಎರಡೂ ಸೇರಿಸಿ ಕೊಟ್ಟಾಗ, ಮೊದಲ ವಾರಗಳ ರಕ್ತಸ್ರಾವ ದಾಟಿದವರಲ್ಲಿ ಬಹುಪಾಲು ಜನ ಗುಣವಾಗ್ತಾರೆ.

ಭದ್ರಾವತಿಬಾಯ್
ನೋಡಿ, ಹಳ್ಳಿ ವೈದ್ಯದಿಂದಲೇ ಬಂತು ಅಂತ ನೀವೇ ಹೇಳಿದಿರಿ. ಆನಂದಪುರದ ಹತ್ತಿರ ನರಸೀಪುರಕ್ಕೆ ಇಡೀ ದೇಶದಿಂದ ಜನ ಬಂದು ಕ್ಯಾನ್ಸರಿಗೆ ಚಕ್ಕೆ ಔಷಧಿ ತಗೊಂಡು ಹೋಗ್ತಿರಲಿಲ್ವಾ? ಸುಮ್ನೆ ಬರ್ತಿದ್ದರಾ?

ಹೊಸನಗರದಕ್ಕ
ಬರ್ತಿದ್ದರು, ಸಾಲು ನಾನೂ ನೋಡಿದ್ದೇನೆ. ನಂಬಿಕೆ ಬಗ್ಗೆ ಜಗಳ ಬೇಡ. ಪ್ಲೇಟ್‌ಲೆಟ್ 14,000 ಇಟ್ಟುಕೊಂಡು ಯಾವ ಸಾಲಿನಲ್ಲೂ ನಿಲ್ಲೋಕಾಗಲ್ಲ ಅಷ್ಟೆ. ಪಾಷಾಣವನ್ನೂ ಅಳೆದು, ಇಸಿಜಿ ನೋಡಿಕೊಂಡು ಆಸ್ಪತ್ರೆಯಲ್ಲಿ ಕೊಡ್ತಾರೆ, ಚಿಟಿಕೆ ಲೆಕ್ಕದಲ್ಲಿ ಅಲ್ಲ.

ಕೊಪ್ಪದಮಗ
ಕೊಳೆ ಔಷಧಿಯಿಂದಲೇ ಬಂದಿರಬಹುದಾ? ನಮ್ಮ ಮನೆಯಲ್ಲಿ ನಾನೇ ಹೊಡೆಯೋದು. ಈಗ ಭಯ ಆಗ್ತಿದೆ.

ಚರ್ಮವೈದ್ಯೆ
ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಅಂದರೆ ಮೈಲುತುತ್ತ ಮತ್ತು ಸುಣ್ಣ. ಚರ್ಮ ಉರಿಯುತ್ತೆ, ಕಣ್ಣು ಕೆಂಪಾಗುತ್ತೆ. ಅದರಿಂದ ರಕ್ತದ ಕ್ಯಾನ್ಸರ್ ಅಂತ ತೋರಿಸಿದ ಆಧಾರ ನಾನು ನೋಡಿಲ್ಲ. ಖಚಿತವಾಗಿ ಗೊತ್ತಿರುವ ಕಾರಣಗಳು ಬೇರೆ: ಬೆಂಜೀನ್, ಹೆಚ್ಚಿನ ವಿಕಿರಣ, ಮೊದಲು ತಗೊಂಡ ಕೆಲವು ಕಿಮೋ ಔಷಧಿ, ಬೀಡಿ ಸಿಗರೇಟು. ಹೆಚ್ಚಿನ ರೋಗಿಗಳಲ್ಲಿ ಕಾರಣವೇ ಸಿಗಲ್ಲ. ಕಳೆನಾಶಕ, ಕೀಟನಾಶಕದ ಮಾತು ಬೇರೆ, ಅದಕ್ಕೆ ಕೈಗವಸು, ಮಾಸ್ಕ್ ಇಲ್ಲದೆ ಇಳಿಯಲೇಬೇಡಿ.

ಶರಾವತಿಹಿನ್ನೀರು
ಮಳೆಗಾಲದಲ್ಲಿ ಮಾಸ್ಕ್ ಹಾಕಿ ಮರದ ತುದಿಯಲ್ಲಿ ಒಂದು ಗಂಟೆ ಇರಿ ಮೇಡಂ, ಆಮೇಲೆ ಮಾತಾಡೋಣ.

ತೋಟದಮನೆ
ಅಡ್ಮಿಟ್ ಆಗಿದೆ. ಎಂ3 ಅಂತಲೇ ಹೇಳಿದರು. ಕ್ಯಾಪ್ಸೂಲ್ ರಾತ್ರಿಯೇ ಶುರುವಾಯಿತು. ಮಜ್ಜೆ ಪರೀಕ್ಷೆ ಆಗಿದೆ. ತಂಗಿ ಈಗ ಅಳ್ತಿಲ್ಲ, ಫೈಲ್ ಹಿಡಿದು ಓಡಾಡ್ತಿದ್ದಾಳೆ. ಬಿಪಿಎಲ್ ಕಾರ್ಡ್ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ತಂದಿಲ್ಲ, ಏನು ಮಾಡೋದು? ಪ್ಲೇಟ್‌ಲೆಟ್‌ಗೆ ಜನ ಬೇಕು ಅಂದಿದ್ದಾರೆ.

ರಕ್ತದಾನಿ ಶಿವಮೊಗ್ಗ
ಎಮರ್ಜೆನ್ಸಿಯಲ್ಲಿ ರೆಫರಲ್ ಇಲ್ಲದೆಯೂ ಆಗುತ್ತೆ. ಆಸ್ಪತ್ರೆಯಲ್ಲೇ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕೌಂಟರ್ ಇರುತ್ತದೆ, ರೇಷನ್ ಕಾರ್ಡ್, ಆಧಾರ್ ತಗೊಂಡು ಇವತ್ತೇ ಹೋಗಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಯಾವುದು ಸೇರುತ್ತೆ, ಯಾವುದು ಸೇರಲ್ಲ ಅಂತ ಅವರನ್ನೇ ಕೇಳಿ, ಬಿಲ್ ಆದ ಮೇಲೆ ಕೇಳಬೇಡಿ.

ಪ್ಲೇಟ್‌ಲೆಟ್ ಬಗ್ಗೆ. 5 ದಿನಕ್ಕಿಂತ ಹೆಚ್ಚು ಇಡೋಕಾಗಲ್ಲ, ಹಾಗಾಗಿ ದಾನಿಗಳನ್ನು ಒಟ್ಟಿಗೆ ಕರೆಸಬೇಡಿ. ದಿನಕ್ಕೆ ಇಬ್ಬರಂತೆ ಪಟ್ಟಿ ಮಾಡಿ. ಎಸ್‌ಡಿಪಿ ಅಂದರೆ ಒಬ್ಬರಿಂದಲೇ ಮೆಷಿನ್ ಮೂಲಕ ಪ್ಲೇಟ್‌ಲೆಟ್ ತೆಗೆದು ಉಳಿದ ರಕ್ತ ವಾಪಸ್ ಕೊಡೋದು. ಒಂದೂವರೆ ಗಂಟೆ ಹಿಡಿಯಬಹುದು. ಕೊಡುವವರು ಹಿಂದಿನ 3 ದಿನ ಆಸ್ಪಿರಿನ್ ತಿಂದಿರಬಾರದು. ಹೊಟ್ಟೆ ತುಂಬ ತಿಂದು ಬನ್ನಿ, ಕೈಯ ನರ ಚೆನ್ನಾಗಿ ಕಾಣಬೇಕು. ಗ್ರೂಪ್ ಯಾವುದು ಹಾಕಿ.

ತೋಟದಮನೆ
ಬಿ ಪಾಸಿಟಿವ್.

ಮಳೆಹುಳ
ನಾನು ಬಿ ಪಾಸಿಟಿವ್. ಉಡುಪಿಯಲ್ಲೇ ಕೆಲಸ, ನಾಳೆ ರಜೆ ಹಾಕ್ತೀನಿ. ಮೆಸೇಜ್ ಮಾಡಿ.

ಕೊಪ್ಪದಮಗ
ನಾನೂ ಬರ್ತೀನಿ, ಶನಿವಾರ. ಹೋದ ತಿಂಗಳು ಡೆಂಗಿ ಆಗಿತ್ತು, ಪರವಾಗಿಲ್ವಾ?

ರಕ್ತದಾನಿ ಶಿವಮೊಗ್ಗ
ಈಗ ಬೇಡ. ಇನ್ನೂ ಕೆಲವು ತಿಂಗಳು ಬಿಡಬೇಕು. ನಿಮ್ಮ ಊರಿನ ಬೇರೆಯವರನ್ನು ಕಳಿಸಿ.

ಕವಳಪ್ರಿಯ
ನಾನು ಬಿ ಪಾಸಿಟಿವ್. ದಿನಾ ಹತ್ತು ಕವಳ (ಎಲೆ ಅಡಿಕೆ) ಹಾಕ್ತೀನಿ. ಕೊಡಬಹುದಾ?

ರಕ್ತದಾನಿ ಶಿವಮೊಗ್ಗ
ಕೊಡಬಹುದು. ಮೆಷಿನ್ ಹತ್ತಿರ ಒಂದೂವರೆ ಗಂಟೆ ಬಾಯಿ ಖಾಲಿ ಇಟ್ಟುಕೊಳ್ಳೋಕಾಗುತ್ತಾ ನೋಡಿ. ಭಾನುವಾರ ಬೆಳಿಗ್ಗೆ ನಿಮ್ಮ ಹೆಸರು ಬರೆದಿದ್ದೇನೆ.